ಕಾಕ್‌ಪಿಟ್‌ಗೆ ಗದ್ದಲ ನುಗ್ಗಿದ ಬಗೆ

ಅಮೆರಿಕದ ವಿಮಾನಯಾನ ನಿಯಮಾವಳಿಯಲ್ಲಿ ನಗು ಬರಿಸುವಂಥ ಒಂದು ಕಲಮು ಇದೆ. ಹಾರಾಟದ ವೇಳೆ ಎಲೆಕ್ಟ್ರಾನಿಕ್ ಸಾಧನಗಳಿಗೆ ಕಡಿವಾಣ ಹಾಕುವ ಆ ಕಲಮು ಹೆಸರು ಹಿಡಿದು ವಿನಾಯಿತಿ ಕೊಟ್ಟಿರುವುದು ಶ್ರವಣಯಂತ್ರ, ಪೇಸ್‌ಮೇಕರ್, ಧ್ವನಿಮುದ್ರಕ ಮತ್ತು ಎಲೆಕ್ಟ್ರಿಕ್ ಶೇವರ್‌ಗೆ. ಆಕಾಶದಲ್ಲಿ ಗಡ್ಡ ಹೆರೆದುಕೊಳ್ಳಲು ಅಡ್ಡಿಯಿಲ್ಲ, ರೇಡಿಯೊದಲ್ಲಿ ಹಾಡು ಕೇಳಲು ಅಪ್ಪಣೆ ಬೇಕು!

ಈ ನಿಯಮದ ಮೊದಲ ರೂಪ ಬಂದದ್ದು 1961ರ ಮೇ ತಿಂಗಳಲ್ಲಿ. ಆಗ ಅದರ ಗುರಿ ಕೈಯಲ್ಲಿ ಹಿಡಿದೊಯ್ಯುವ ಎಫ್‌ಎಂ ರೇಡಿಯೊ. ಅಲೆ ಹಿಡಿಯುವ ಈ ಪೆಟ್ಟಿಗೆ ತಾನೂ ಸಣ್ಣದೊಂದು ಅಲೆಯನ್ನು ಸೋರಿಸುತ್ತದೆ. ಅದರೊಳಗಿನ ಆಸಿಲೇಟರ್ ಸಾಮಾನ್ಯವಾಗಿ ಸ್ಟೇಷನ್ನಿನ ಕಂಪನಾಂಕಕ್ಕಿಂತ 10.7 ಮೆಗಾಹರ್ಟ್ಸ್ ಮೇಲೆ ಕೆಲಸ ಮಾಡುತ್ತದೆ. 102ಕ್ಕೆ ಟ್ಯೂನ್ ಮಾಡಿದರೆ ಸೋರಿಕೆ 112.7ರಲ್ಲಿ. ಪೈಲಟ್‌ಗೆ ದಿಕ್ಕು ತೋರುವ ವಿಓಆರ್ ಉಪಕರಣ ಕಿವಿಗೊಡುವುದು 108ರಿಂದ 118 ಮೆಗಾಹರ್ಟ್ಸ್‌ವರೆಗೆ. ಹಾಡಿನ ಜೊತೆ ಮುಳ್ಳೂ ಅಲುಗಾಡುವ ಅಪಾಯವಿತ್ತು.

ವಿಮಾನಕ್ಕೂ ರೇಡಿಯೊಗೂ ನಡುವಿನ ಈ ಜಗಳ ಇನ್ನೂ ಹಳೆಯದು. 1910ರ ಆಗಸ್ಟ್ 27ರಂದು ಕೆನಡಾದ ಜೆ.ಎ.ಡಿ. ಮೆಕರ್ಡಿ ನ್ಯೂಯಾರ್ಕ್‌ನ ಶೀಪ್ಸ್‌ಹೆಡ್ ಬೇ ಬಳಿ ಹಾರುತ್ತಲೇ ನೆಲಕ್ಕೆ ನಿಸ್ತಂತು ಸಂದೇಶ ಕಳಿಸಿದರು. ಆ ಕಾಲದ ಟ್ರಾನ್ಸ್‌ಮಿಟರ್‌ಗಳು ಅಲೆ ಹುಟ್ಟಿಸುತ್ತಿದ್ದುದು ವಿದ್ಯುತ್ ಕಿಡಿಯಿಂದ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನಲ್ಲೂ ಹಾರುವುದು ಕಿಡಿಯೇ. ಹೀಗಾಗಿ ಪ್ರತಿಯೊಂದು ಪೆಟ್ರೋಲ್ ಎಂಜಿನ್ನೂ ಯಾರೂ ಕೇಳಬಯಸದ ಒಂದು ಪ್ರಸಾರ ಕೇಂದ್ರವಾಯಿತು.

ರೇಡಿಯೊ ಬರೀ ಕಿವಿಗೆ ಸೇರಿದ್ದಾಗ ಎಂಜಿನ್ ಕಿಡಿಯ ಚಟಚಟ ಸಹಿಸಬಹುದಿತ್ತು. ಆದರೆ 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್‌ಗೆ ಮುಸುಕು ಹಾಕಿಕೊಂಡು, ಹೊರಗೇನೂ ಕಾಣದೆ, ಎನ್‌ವೈ-2 ಎಂಬ ಎರಡು ಸೀಟಿನ ತರಬೇತಿ ವಿಮಾನವನ್ನು ಏರಿಸಿ ಇಳಿಸಿದರು. ಎಡಬಲ ಹೇಳಿದ್ದು ರೇಡಿಯೊ ಸಂಕೇತಕ್ಕೆ ಕಂಪಿಸುವ ಪಟ್ಟಿಗಳ ಸೂಚಕ. ರೇಡಿಯೊ ಉಪಕರಣ ಫಲಕಕ್ಕೆ ಬಂದ ಮೇಲೆ ಗದ್ದಲವೆಂದರೆ ತಪ್ಪು ದಾರಿ ಎಂದೇ ಅರ್ಥ. ಕಿಡಿಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊದಿಂದ ಪ್ಲಗ್‌ವರೆಗಿನ ತಂತಿಗಳಿಗೆ ಲೋಹದ ಹೆಣಿಗೆಯ ಕವಚ ಕಡ್ಡಾಯದಂತಾಯಿತು.

ಇಂದಿಗೂ ಹ್ಯಾಂಗರಿನ ಮೆಕ್ಯಾನಿಕ್ ಮೊದಲು ಕಿವಿಯನ್ನೇ ನಂಬುತ್ತಾನೆ. ಎಂಜಿನ್ ವೇಗದ ಜೊತೆ ಏರಿಳಿಯುವ ಚಟಚಟ ಕೇಳಿದರೆ ಕವಚ ಹರಿದ ಇಗ್ನಿಷನ್ ತಂತಿಯ ಮೇಲೆ ಗುಮಾನಿ. ಸಿಳ್ಳಿನಂಥ ಕೊರೆತ ಆಲ್ಟರ್ನೇಟರ್‌ನದು, ಅದರ ಸ್ವಿಚ್ ಆರಿಸಿದರೆ ಸಿಳ್ಳೂ ನಿಲ್ಲಬೇಕು. ರೆಕ್ಕೆಯ ತುದಿಯ ದೀಪ ಮಿನುಗಿದಾಗಲೆಲ್ಲ ‘ಟಕ್’ ಎಂದರೆ ಸ್ಟ್ರೋಬ್. ಎಡೆಬಿಡದ ಭುಸ್ ಸದ್ದಿನ ಹಿಂದೆ ಅಗ್ಗದ ಯುಎಸ್‌ಬಿ ಚಾರ್ಜರೋ ಎಲ್‌ಇಡಿ ದೀಪವೋ ಇರುವುದುಂಟು.

ಕೆಲವು ತಾಪತ್ರಯಗಳು ಸದ್ದು ಮಾಡುವುದಿಲ್ಲ. ಪೈಲಟ್ ಮಾತಾಡಲು ಗುಂಡಿ ಒತ್ತಿದೊಡನೆ ಇಂಧನದ ಮುಳ್ಳು ನೆಗೆಯುತ್ತದೆ, ಬಿಟ್ಟರೆ ಸ್ವಸ್ಥಾನಕ್ಕೆ ಬರುತ್ತದೆ. ಟ್ಯಾಂಕಿನಿಂದ ಬರುವ ಉದ್ದನೆಯ ತಂತಿ ಇಲ್ಲಿ ಆಂಟೆನಾ ಆಗಿಬಿಟ್ಟಿರುತ್ತದೆ. ಜಿಪಿಎಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. 121.175 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದರ ಹದಿಮೂರು ಪಟ್ಟು 1575.275, ಉಪಗ್ರಹದ ಸಂಕೇತ ಬರುವ 1575.42ರ ಮಗ್ಗುಲಲ್ಲೇ. ಉಪಗ್ರಹದ ಕ್ಷೀಣ ದನಿ ಮುಚ್ಚಿಹೋಗಿ ನಕ್ಷೆ ದಾರಿ ತಪ್ಪಬಹುದು. ಅದಕ್ಕೇ ಜಿಪಿಎಸ್ ಕೂರಿಸಿದ ಮೇಲೆ ಇಂಥ ಕಂಪನಾಂಕಗಳಲ್ಲಿ ಮಾತಾಡಿ ಪರೀಕ್ಷಿಸುವ ಪದ್ಧತಿ ಬಂತು.

ವಿಮಾನದ ಮೈ ಬದಲಾದಾಗ ಸಮಸ್ಯೆಯೂ ಬದಲಾಯಿತು. ಅಲ್ಯೂಮಿನಿಯಂ ಮೈ ತಾನೇ ಅಲೆಗಳಿಗೆ ತಡೆ, ತಾನೇ ಅರ್ಥಿಂಗ್. ಗಾಜಿನ ನಾರಿನ ಮೈಗೆ ಈ ಎರಡೂ ಗುಣವಿಲ್ಲ. ಆಂಟೆನಾದ ಅಡಿಗೆ ಲೋಹದ ಹಾಳೆ ಹಾಸಬೇಕು, ಅರ್ಥಿಂಗ್ ತಂತಿಗಳನ್ನು ಒಂದೇ ಬಿಂದುವಿಗೆ ತರಬೇಕು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿಸಿದ ಹಂಸ-ಎನ್‌ಜಿಯೂ ಇಂಥ ಸಂಯುಕ್ತ ವಸ್ತುವಿನ ಎರಡು ಸೀಟಿನ ತರಬೇತಿ ವಿಮಾನ. ಅದರ ಕಾಕ್‌ಪಿಟ್‌ನಲ್ಲಿ ಹಳೆಯ ಗಡಿಯಾರದಂಥ ಮುಳ್ಳುಗಳ ಜಾಗಕ್ಕೆ ಡಿಜಿಟಲ್ ಪರದೆಗಳು ಬಂದಿವೆ.

ಉಪಕರಣ ಎಷ್ಟೇ ಹೊಸದಾದರೂ ಕಳ್ಳನನ್ನು ಹಿಡಿಯುವ ಕ್ರಮ ಹಳೆಯದೇ. ಎಂಜಿನ್ ನಿಲ್ಲಿಸಿ, ಎಲ್ಲವನ್ನೂ ಆರಿಸಿ, ಬ್ಯಾಟರಿಯ ಮೇಲೆ ರೇಡಿಯೊ ಒಂದನ್ನೇ ಹಚ್ಚಬೇಕು. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತ ಹೋಗಿ, ಕೊನೆಗೆ ಎಂಜಿನ್ ಚಾಲೂ ಮಾಡಬೇಕು. ಮೂಲ ಸಿಕ್ಕ ಮೇಲೂ ಹೊಸ ಪೆಟ್ಟಿಗೆ ಕೊಳ್ಳುವ ಮುನ್ನ ತುಕ್ಕು ಹಿಡಿದ ಅರ್ಥಿಂಗ್ ಪಟ್ಟಿ, ಸಡಿಲವಾದ ಆಂಟೆನಾ ಜೋಡಣೆ ನೋಡುವುದು ಲೇಸು. ದೋಷ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ.

ಓದುಗರಿಗೂ ಒಂದು ಮಾತು: ಸಣ್ಣ ವಿಮಾನದಲ್ಲಿ ಕೂರುವ ಅವಕಾಶ ಸಿಕ್ಕರೆ, ಪೈಲಟ್‌ನನ್ನು ಕೇಳದೆ ಫೋನಿನ ಚಾರ್ಜರ್ ಸಿಕ್ಕಿಸಬೇಡಿ.