ಬಿಡುವಿನ ಓದು: ಮೂರು ಹೊಸ ಕಾದಂಬರಿಗಳು

ಕಾದಂಬರಿಗಳನ್ನು ಓದುವವರಲ್ಲಿ ಎರಡು ಬಗೆ. ಗ್ರಂಥವನ್ನು ಅಳೆದು ತೂಗಿ ಬೆಲೆಕಟ್ಟುವ ವಿಮರ್ಶಕರು ಒಂದು ಬಗೆ. ರಾತ್ರಿ ಊಟವಾದ ಮೇಲೆ ದೀಪದ ಬಳಿ ಕುಳಿತು, ನಿದ್ದೆ ಹತ್ತುವವರೆಗೆ ಪುಟ ತಿರುವುವವರು ಇನ್ನೊಂದು ಬಗೆ. ನಾನು ಎರಡನೆಯ ಪಂಗಡದವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ನನ್ನ ವೃತ್ತಿ. ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿದವನಾದ್ದರಿಂದ ಹೊಸ ಕಾದಂಬರಿಗಳಿಂದ ಬಹುಕಾಲ ದೂರವೇ ಉಳಿದಿದ್ದೆ. ಕಳೆದ ಬೇಸಗೆಯ ರಜೆಯಲ್ಲಿ ಮಗಳು ಮೂರು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟಳು. ಮೂರೂ ಈ ಶತಮಾನದಲ್ಲಿ ಬಂದವು. ಅವುಗಳ ಕಥೆಯನ್ನೆಲ್ಲ ಇಲ್ಲಿ ಹೇಳಿಬಿಟ್ಟರೆ ಮುಂದೆ ಓದುವವರಿಗೆ ಅನ್ಯಾಯವಾದೀತು. ಆದ್ದರಿಂದ ಒಂದೊಂದು ಕಾದಂಬರಿಯ ನೆಪದಲ್ಲಿ ಒಂದೊಂದು ಪದವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲನೆಯ ಪದ ಯಾವ ನಿಘಂಟಿನಲ್ಲೂ ಇಲ್ಲ. ಶ್ರೀ ವಿವೇಕ ಶಾನಭಾಗರ ಕಿರುಕಾದಂಬರಿಯ (2013) ಹೆಸರೇ 'ಘಾಚರ್ ಘೋಚರ್'. ಬಿಡಿಸಲಾರದಂತೆ ಸಿಕ್ಕುಸಿಕ್ಕಾಯಿತು ಎಂಬ ಅರ್ಥದಲ್ಲಿ, ಕಥೆ ಹೇಳುವವನ ಹೆಂಡತಿಯ ತವರಿನಲ್ಲಿ ಹುಟ್ಟಿಕೊಂಡ ಮಾತು ಇದು. ಬೆಂಗಳೂರಿನ ಒಂದು ಸಂಸಾರ. ಬಡತನದಲ್ಲಿದ್ದಾಗ ಪುಟ್ಟ ಮನೆಯಲ್ಲಿ ಎಲ್ಲರೂ ಒಂದಾಗಿ ಇರುವೆಗಳೊಡನೆ ಸೆಣಸುತ್ತಾರೆ. ಚಿಕ್ಕಪ್ಪ ತೊಡಗಿದ ಮಸಾಲೆಪುಡಿಯ ವ್ಯಾಪಾರದಿಂದ ಐಶ್ವರ್ಯ ಬರುತ್ತದೆ. ಒಗ್ಗಟ್ಟೇನೋ ಉಳಿಯುತ್ತದೆ, ಆದರೆ ಅದು ಈಗ ದುಡಿಯುವವನನ್ನು ಕಾಯುವ ಒಗ್ಗಟ್ಟು. ದುಡಿದು ತರುವವನ ತಪ್ಪು ಉಣ್ಣುವವರ ಕಣ್ಣಿಗೆ ಬೀಳುವುದಿಲ್ಲ. ಲೇಖಕರು ಇದನ್ನು ಎಲ್ಲಿಯೂ ಉಪದೇಶ ಮಾಡುವುದಿಲ್ಲ; ಕೆಲಸವಿಲ್ಲದೆ ಕಾಫಿ ಹೌಸಿನಲ್ಲಿ ಕೂರುವ ಮಗನ ಬಾಯಿಂದ ತಣ್ಣಗೆ ಹೇಳಿಸುತ್ತಾರೆ. ಪುಸ್ತಕ ಮುಗಿಸಿದ ನನ್ನ ಮನೆಯಾಕೆ, "ಏನೂಂದ್ರೆ, ಕೊನೆಗೆ ಏನಾಯಿತು ಅಂತ ಬರೆದೇ ಇಲ್ಲವಲ್ಲ!" ಎಂದಳು. ನನಗೂ ಮೊದಲು ಹಾಗೆಯೇ ಅನಿಸಿತು. ಅದನ್ನು ಹೇಳದೆ ಬಿಟ್ಟದ್ದರಿಂದಲೇ ಎರಡು ದಿನ ಮನೆಯಲ್ಲಿ ಅದೇ ಮಾತಾಯಿತೆಂಬುದೂ ನಿಜ.

ಎರಡನೆಯ ಪದ ನನಗೆ ಚಿರಪರಿಚಿತ: 'ಲೆಂಕ'. ಒಡೆಯನಿಗಾಗಿ ಪ್ರಾಣ ಕೊಡುವೆನೆಂದು ಪ್ರತಿಜ್ಞೆ ಮಾಡಿದ ಸೇವಕ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ, ಇಮ್ಮಡಿ ಬಲ್ಲಾಳನಿಗಾಗಿ ಜೀವ ತೆತ್ತ ಕುವರ ಲಕ್ಷ್ಮನ ಕಂಬವಿದೆ. ಪ್ರವಾಸಕ್ಕೆ ಕರೆದೊಯ್ದ ಹುಡುಗರಿಗೆ ಅದನ್ನು ತೋರಿಸಿ, ಸ್ವಾಮಿಭಕ್ತಿಯ ಹಿರಿಮೆಯನ್ನು ಎಷ್ಟು ಸಲ ವರ್ಣಿಸಿದ್ದೇನೆಯೋ! ಶ್ರೀ ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಆ ವರ್ಣನೆಗೆ ಒಂದು ಪ್ರಶ್ನೆ ಹಾಕಿತು. ತೇಜೋ ಎಂಬುದು ಲಿಸ್ಬನ್ ನಗರದ ನದಿ. 1497ರಲ್ಲಿ ಪೋರ್ಚುಗಲ್ಲಿನ ಯಹೂದ್ಯರನ್ನು ಬಲವಂತವಾಗಿ ಮತಾಂತರಿಸಿದರು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಇತ್ತ ಕೃಷ್ಣದೇವರಾಯನ ವಿಜಯನಗರ ಮೆರೆಯುತ್ತಿತ್ತು. ಈ ಕಾಲದಲ್ಲಿ ಎರಡು ನದಿಗಳ ದಡದ ಸಾಮಾನ್ಯರ ಪಾಡೇ ಇಲ್ಲಿನ ವಸ್ತು. ಅಲ್ಲಿ ಮತದ ಹೆಸರಿನಲ್ಲಿ ಬೆಂಕಿ, ಇಲ್ಲಿ ಸಹಗಮನದ ಹೆಸರಿನಲ್ಲಿ ಬೆಂಕಿ. ಘಟನೆಗಳು ದಟ್ಟೈಸಿ, ಕೆಲವೆಡೆ ಪಾತ್ರಗಳಿಗೆ ಉಸಿರಾಡಲು ಬಿಡುವಿಲ್ಲವೆನಿಸಿತು. ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಹಳೇಬೀಡಿನ ಶಾಸನದಲ್ಲಿ ಕುವರ ಲಕ್ಷ್ಮನ ಮಡದಿ ಸುಗ್ಗಲದೇವಿಯ ಹೆಸರೂ ಇದೆ; ಆಕೆಯೂ ಅಂದೇ ಮಡಿದವಳು. ಇಷ್ಟು ವರ್ಷ ಆ ಹೆಸರನ್ನು ಹುಡುಗರಿಗೆ ನಾನು ಹೇಳಿಯೇ ಇರಲಿಲ್ಲ.

ಮೂರನೆಯ ಪದ 'ಗ್ರಾಮ್ಯ'. ಇದು ಕಾದಂಬರಿಯೊಳಗಿನ ಪದವಲ್ಲ, ನನ್ನ ಕೆಂಪು ಶಾಯಿಯದು. ದಿವಂಗತ ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' (2004) ನವಲಗುಂದದ ಒಂದು ಮನೆತನದ ಹಲವು ದಶಕಗಳ ಕಥೆ. 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಧಾರವಾಡದ ಆಡುಮಾತೇ ಇದರ ಜೀವಾಳ. ಮೈಸೂರಿನ ಕಡೆಯವನಾದ ನಾನು ಮೊದಲ ಪುಟಗಳಲ್ಲಿ ತಡವರಿಸಿದೆ. ಆಮೇಲೆ ಮನೆಮಂದಿಯನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದೆ. ಕಣ್ಣಿಗೆ ತೊಡಕಾದುದು ಕಿವಿಗೆ ಸಲೀಸಾಯಿತು. ರೇಡಿಯೋ ಕೇಳಿ ಅಭ್ಯಾಸವಿರುವ ಮನೆಗಳಿಗೆ ಈ ಉಪಾಯವನ್ನು ಧೈರ್ಯವಾಗಿ ಹೇಳಬಲ್ಲೆ. ಕನ್ನಡದಲ್ಲಿ ದೇಸಿಗಳು ಬೇರೆಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಹೇಳಿದೆ. ಅದನ್ನು ಪಾಠ ಹೇಳಿದವನು ನಾನು, ಪಾಲಿಸಿದವನಲ್ಲ.

ಬಹಳ ವರ್ಷಗಳ ಹಿಂದೆ, ತಂದೆಗೆ ವರ್ಗವಾಗಿ ಹುಬ್ಬಳ್ಳಿಯ ಕಡೆಯಿಂದ ಬಂದ ಹುಡುಗನೊಬ್ಬ ನನ್ನ ತರಗತಿಗೆ ಸೇರಿದ. ಮಳೆಗಾಲದ ಮೇಲೆ ಪ್ರಬಂಧ ಬರೆಯಿಸಿದ್ದೆ. 'ಮಳಿ', 'ಮನಿ' ಎಂದೆಲ್ಲ ಬರೆದಿದ್ದ. ತಿದ್ದುವುದು ನನ್ನ ಕರ್ತವ್ಯ, ಸರಿ. ಆದರೆ ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ, ಹುಡುಗರು ನಕ್ಕರು. ಅಂಚಿನಲ್ಲಿ 'ಗ್ರಾಮ್ಯ' ಎಂದು ಬರೆದೆ. ಅವನ ಊರಿನ ಹಳ್ಳ ತುಂಬಿ ಬಂದ ಬಗೆ ಆ ಪ್ರಬಂಧದಲ್ಲಿ ಬಹು ಚೆನ್ನಾಗಿ ಬಂದಿತ್ತೆಂಬುದು ಮಾತ್ರ ಆಗ ನನಗೆ ಕಾಣಲಿಲ್ಲ. ಮುಂದಿನ ಪ್ರಬಂಧಗಳನ್ನೆಲ್ಲ ಆ ಹುಡುಗ ಗೈಡಿನಿಂದ ಇಳಿಸಿಕೊಂಡು ಬಂದ. ಒಂದು ತಪ್ಪೂ ಇರಲಿಲ್ಲ. ಒಂದು ಜೀವಂತ ವಾಕ್ಯವೂ ಇರಲಿಲ್ಲ. ವೈದ್ಯರ ಪುಸ್ತಕವನ್ನು ಓದುತ್ತಿದ್ದಾಗ ಅವನ ಮುಖ ಮತ್ತೆ ಮತ್ತೆ ಕಣ್ಣಮುಂದೆ ಬಂತು.

ಹೊಸ ಕಾದಂಬರಿಗಳಿಂದ ಏನು ಪ್ರಯೋಜನವೆಂದು ಕೇಳುವ ಗೆಳೆಯರಿದ್ದಾರೆ. ನನಗಾದ ಪ್ರಯೋಜನ ಇಷ್ಟು: ಗೊತ್ತಿದೆಯೆಂದುಕೊಂಡಿದ್ದ ಪದಗಳ ಅರ್ಥವನ್ನು ಐವತ್ತು ದಾಟಿದ ಮೇಲೆ ಮತ್ತೆ ಕಲಿತೆ. ಈ ವರ್ಷವೂ ಹುಡುಗರ ಪ್ರಬಂಧಗಳನ್ನು ತಿದ್ದುತ್ತಿದ್ದೇನೆ. 'ಮಳಿ'ಯನ್ನು 'ಮಳೆ' ಮಾಡುತ್ತೇನೆ; ಆದರೆ ಅಂಚಿನಲ್ಲಿ ಆ ಹಳೆಯ ಪದವನ್ನು ಬರೆಯುವುದಿಲ್ಲ.