ಹೆಸರಿಲ್ಲದ ಫೋಟೊ: ಹಳೆಯ ಆಲ್ಬಮ್‌ಗಳಲ್ಲಿ ಊರಿನ ಚರಿತ್ರೆ

ಗುಂಡ್ಲುಪೇಟೆ: ಬೀರುವಿನ ಮೂಲೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಉಳಿದಿರುವ ಹಳೆಯ ಫೋಟೊ ಆಲ್ಬಮ್ ಒಂದು ಕುಟುಂಬದ ಆಸ್ತಿ ಮಾತ್ರವಲ್ಲ, ಊರಿನ ದಾಖಲೆಯೂ ಹೌದು. ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೇ ನೋಡಬಹುದು. ಇಂದು ಖಾಸಗಿ ವಾಹನಗಳು ತಪ್ಪಲಿನಲ್ಲೇ ನಿಲ್ಲಬೇಕು. ಭಕ್ತರು ಸರ್ಕಾರಿ ಬಸ್ಸಿನಲ್ಲಿ ಮೇಲೇರುತ್ತಾರೆ. ಹಿಂದೆ ಸ್ವಂತ ವಾಹನದಲ್ಲಿ ಬೆಟ್ಟವೇರಿ ತೆಗೆಸಿಕೊಂಡ ಚಿತ್ರ ಈಗ ಬೆಟ್ಟದ ಇತಿಹಾಸಕ್ಕೂ ಸಾಕ್ಷಿ. ಮನೆಯವರ ಭಂಗಿಗಿಂತ ಅವರ ಬೆನ್ನ ಹಿಂದಿನ ರಸ್ತೆ, ಮೆಟ್ಟಿಲು, ಹುಲ್ಲುಗಾವಲುಗಳೇ ಸಂಶೋಧಕರಿಗೆ ಹೆಚ್ಚು ಉಪಯುಕ್ತವಾದಾವು.

ಆದರೆ ಚಿತ್ರದಲ್ಲಿರುವವರು ಯಾರು, ತೆಗೆದದ್ದು ಎಲ್ಲಿ, ಯಾವಾಗ ಎಂಬುದು ತಿಳಿಯದಿದ್ದರೆ ಆ ಸಾಕ್ಷಿ ಮೂಕವಾಗುತ್ತದೆ. ಉತ್ತರ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಕಾಗದ ಹಾಳಾಗುವುದಕ್ಕಿಂತ ಬಹಳ ಮೊದಲೇ ಹೆಸರು ಅಳಿಯುತ್ತದೆ.

ಹೆಸರಿನ ಬೆಲೆ ಕಾಡಂಚಿನ ಸೋಲಿಗ, ಜೇನುಕುರುಬರಂಥ ಸಮುದಾಯಗಳ ವಿಷಯದಲ್ಲಿ ಇನ್ನಷ್ಟು ಸ್ಪಷ್ಟ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ ಹಾಗೂ ಬುಡಕಟ್ಟುಗಳ ಕುರಿತ ಏಳು ಸಂಪುಟಗಳಲ್ಲಿ ಅನೇಕ ಬುಡಕಟ್ಟು ಜನರ ಚಿತ್ರಗಳಿವೆ. ಅವುಗಳ ಅಡಿಯಲ್ಲಿ ಸಾಮಾನ್ಯವಾಗಿ ಇರುವುದು ಪಂಗಡದ ಹೆಸರು. ಕ್ಯಾಮೆರಾದ ಮುಂದೆ ನಿಂತ ಮನುಷ್ಯನದ್ದಲ್ಲ. ಕ್ಯಾಮೆರಾ ತಡವಾಗಿ ತಲುಪಿದ ಹಾಡಿಗಳಲ್ಲಿ ಆಲ್ಬಮ್ ಇಲ್ಲದಿದ್ದರೂ ಒಂದು ಮದುವೆಯ ಚಿತ್ರ, ಹಿರಿಯರ ಗುರುತಿನ ಚೀಟಿಯ ಫೋಟೊ ಕೂಡ ಕಾಪಿಡಬೇಕಾದ ದಾಖಲೆಯೇ.

ಇಂಥ ಪ್ರಯತ್ನಗಳು ಹೊರಗೆ ಈಗಾಗಲೇ ನಡೆದಿವೆ. ಅನೂಷಾ ಯಾದವ್ 2010ರಲ್ಲಿ ಆರಂಭಿಸಿದ 'ಇಂಡಿಯನ್ ಮೆಮೊರಿ ಪ್ರಾಜೆಕ್ಟ್' 1991ಕ್ಕೆ ಮುಂಚಿನ ಕುಟುಂಬದ ಚಿತ್ರಗಳನ್ನು ಅವುಗಳ ಕಥೆಗಳೊಡನೆ ಸಂಗ್ರಹಿಸಿತು. ನೆರೆಯ ತಮಿಳುನಾಡಿನ ಹಳೆಯ ಸ್ಟುಡಿಯೊ ಚಿತ್ರಗಳು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಡಿಜಿಟಲ್ ರೂಪ ಪಡೆದಿವೆ.

ಮನೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್‌ಗಳೇ ಚಿತ್ರಗಳ ದೊಡ್ಡ ಶತ್ರು. ವರ್ಷಗಳು ಕಳೆದಂತೆ ಅಂಟು ಕಾಗದವನ್ನು ಹಳದಿಗಟ್ಟಿಸುತ್ತದೆ. ಬಿಗಿಯಾಗಿ ಅಂಟಿಕೊಂಡಿದ್ದರೆ ಕಿತ್ತು ತೆಗೆಯುವ ಬದಲು ಹಾಳೆಯನ್ನೇ ಸ್ಕ್ಯಾನ್ ಮಾಡಿಸುವುದು ಲೇಸು. ಬಣ್ಣದ ಚಿತ್ರಗಳು ಕಪ್ಪು-ಬಿಳುಪಿನವುಗಳಿಗಿಂತ ಬೇಗ ಮಾಸುವುದರಿಂದ ಅವುಗಳ ಸರದಿ ಮೊದಲು. 600 ಡಿಪಿಐ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಡಬೇಕು. ಚಿತ್ರದ ಹಿಂಬದಿಯಲ್ಲಿ ಬರೆಯಲು ಬಾಲ್‌ಪೆನ್ ಬೇಡ; ಮೃದುವಾದ ಪೆನ್ಸಿಲ್ ಸಾಕು. ಸ್ಕ್ಯಾನ್ ಯಾವಾಗಲಾದರೂ ಆದೀತು, ಅಜ್ಜಿಯ ಪಕ್ಕ ಕುಳಿತು ಹೆಸರು ಕೇಳುವ ಕೆಲಸ ಈ ಹಬ್ಬಕ್ಕೇ ಆಗಬೇಕು.