ಕರಿಬೇವಿನ ಕುಂಡದ ನೆಂಟರು

1892ರಲ್ಲಿ ಬೆಂಗಳೂರಿನ ಚಾಮರಾಜಪೇಟೆ ಹುಟ್ಟಿತು. 1898ರ ಪ್ಲೇಗ್ ಮಾರಿ ಬಂದುಹೋದ ಮೇಲೆ, ಮನೆಗಳಿಗೆ ಗಾಳಿ ಬೆಳಕು ಆಡಲೆಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಲ್ಲಿನ ಹಳೆಯ ಹಿತ್ತಿಲುಗಳಲ್ಲಿ ಕರಿಬೇವು, ನಿಂಬೆ ಇದ್ದೇ ಇರುತ್ತಿದ್ದವು. ಈಗ ಮನೆ ಕೆಡವಿ ಮಹಡಿ ಮೇಲೆ ಮಹಡಿ ಎದ್ದಿದೆ, ಹಿತ್ತಿಲು ತಾರಸಿಗೆ ಏರಿದೆ. ಚಿಟ್ಟೆ ಬರಲೆಂದು ಅಲ್ಲಿ ನಾವು ಹೂಗಿಡ ಇಡುತ್ತೇವೆ. ಹೂವಿಗೆ ಬಂದ ಚಿಟ್ಟೆ ಮಕರಂದ ಹೀರಿ ಹೊರಟುಬಿಡುತ್ತದೆ. ಸಂಸಾರ ಹೂಡಲು ಅದಕ್ಕೆ ಬೇಕಾದದ್ದು ಎಲೆ, ಅದೂ ತನ್ನ ಮರಿ ತಿನ್ನಬಲ್ಲ ಎಲೆ.

ಕರಿಬೇವು, ನಿಂಬೆ ಎರಡೂ ಒಂದೇ ಸಸ್ಯಕುಟುಂಬದವು. ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣು ಎಲೆಯ ಮೇಲೆ ಇಳಿದು, ಮುಂಗಾಲಿನಿಂದಲೇ ರುಚಿ ನೋಡಿ, ಒಪ್ಪಿಗೆಯಾದರೆ ಮೊಟ್ಟೆ ಇಡುತ್ತದೆ. ಎಳೆಯ ಹುಳು ನೋಡಲು ಥೇಟು ಹಕ್ಕಿಯ ಹಿಕ್ಕೆ. ದೊಡ್ಡದಾದಂತೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಘಾಟು ಬಿಡುತ್ತದೆ. ಇಷ್ಟಾದರೂ ಎಷ್ಟೋ ಹುಳುಗಳು ಪಿಕಳಾರ, ಟುವ್ವಿ ಹಕ್ಕಿಗಳ ಪಾಲಾಗುತ್ತವೆ. ಹಕ್ಕಿ ಬರಬೇಕೆನ್ನುವವರಿಗೆ ಅದೂ ಲಾಭವೇ.

ಹಾಗಾಗಿ ಕರಿಬೇವಿನ ಕುಂಡ ಎರಡಿರಲಿ. ಒಂದು ಒಗ್ಗರಣೆಗೆ, ಇನ್ನೊಂದು ನೆಂಟರಿಗೆ. ನೆಂಟರ ಗಿಡಕ್ಕೆ ಔಷಧಿ ಹೊಡೆಯಬೇಡಿ. ಗಾಳಿಯ ಹೊಡೆತ ಕಡಿಮೆಯಿರುವ ಕಡೆ, ಪ್ಯಾರಾಪೆಟ್ ಗೋಡೆಯ ಮರೆಯಲ್ಲಿಡಿ. ತಿಂದು ಮುಗಿಸಿದ ಹುಳು ಕೋಶ ಕಟ್ಟಲು ಜಾಗ ಹುಡುಕುತ್ತದೆ, ನಾಲ್ಕಾರು ಒಣಕಡ್ಡಿ ಚುಚ್ಚಿಡಿ. ಕುಂಡದ ತಟ್ಟೆಯ ನೀರನ್ನು ಮಾತ್ರ ವಾರಕ್ಕೊಮ್ಮೆ ಚೆಲ್ಲಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಮೂಡಲು ಏಳೆಂಟು ದಿನ ಸಾಕು.

ಇನ್ನೂ ಒಂದು ಕುಂಡಕ್ಕೆ ಜಾಗವಿದ್ದರೆ ಈಶ್ವರಿ ಬಳ್ಳಿ ಹಬ್ಬಿಸಿ. ಅದು ಮನುಷ್ಯರಿಗೆ ವಿಷ, ಮಕ್ಕಳ ಕೈಗೆ ಸಿಗದಿರಲಿ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಹುಳುಗಳು ಆ ವಿಷವನ್ನೇ ಉಂಡು ಮೈಗೂಡಿಸಿಕೊಳ್ಳುತ್ತವೆ. ಹಕ್ಕಿಗಳು ಅವುಗಳ ಸಹವಾಸಕ್ಕೆ ಹೋಗುವುದಿಲ್ಲ. ಕಾಮನ್ ಮಾರ್ಮನ್‌ಗೆ ವಿಷವಿಲ್ಲ, ಆದರೆ ಅದರ ಹಲವು ಹೆಣ್ಣುಗಳು ಈ ರೋಸ್‌ಗಳ ವೇಷ ಹಾಕಿ ಬದುಕಿಕೊಳ್ಳುತ್ತವೆ. ಕೀಟಗಳಲ್ಲಿ ಗಂಡುಹೆಣ್ಣಿನ ಬೆಳವಣಿಗೆಯನ್ನು ನಡೆಸುವ ಡಬಲ್‌ಸೆಕ್ಸ್ ಎಂಬ ಜೀನೇ ಈ ವೇಷವನ್ನೂ ತೊಡಿಸುತ್ತದೆ ಎಂದು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಎರಡೂ ಗಿಡ ಇದ್ದ ತಾರಸಿಯಲ್ಲಿ ಅಸಲಿ, ನಕಲಿ ಎರಡನ್ನೂ ನೋಡಬಹುದು. ರೆಕ್ಕೆ ನೋಡಿದರೆ ಮೋಸಹೋಗುತ್ತೀರಿ, ಮೈ ನೋಡಿ. ಕೆಂಪಿದ್ದರೆ ಅದು ಈಶ್ವರಿ ಬಳ್ಳಿಯ ವಿಷ ಉಂಡದ್ದು. ಕಪ್ಪಿದ್ದರೆ ನಿಮ್ಮ ಒಗ್ಗರಣೆಯಲ್ಲಿ ಪಾಲು ಕೇಳಿದ್ದು.